ಸುಣ್ಣದ ಗೋಡೆ

ಮೂರನೆಯ ಸಲ ಅಳೆದರೂ ಅಷ್ಟೇ ಬಂತು. ಚಿಕ್ಕಪ್ಪ ಟೇಪಿನ ಒಂದು ತುದಿಯನ್ನು ಸುರುಳಿ ಮೆಟ್ಟಿಲಿನ ನಡುಗಂಬಕ್ಕೆ ಒತ್ತಿ, ಇನ್ನೊಂದನ್ನು ಹೊರ ಅಂಚಿನ ಕಂಬಿ ಕಟಾಂಜನಕ್ಕೆ ತಾಗಿಸಿ, ಕನ್ನಡಕವನ್ನು ಹಣೆಗೇರಿಸಿ ನೋಡಿದ. ಎರಡಡಿ ಎರಡಂಗುಲ. ಎಳೆದಷ್ಟೂ ಮೆಟ್ಟಿಲು ಅಗಲವಾಗುತ್ತದೆ ಎಂಬ ಆಸೆ ಅವನಿಗೆ ಇದ್ದಂತಿತ್ತು.

"ಆಗಲ್ಲ. ಈ ತಿರುವಿನಲ್ಲಿ ಅಣ್ಣ ಬಗ್ಗಬೇಕು. ಬದುಕಿದ್ದಾಗಲೇ ಯಾರಿಗೂ ಬಗ್ಗಲಿಲ್ಲ, ಈಗ ಬಗ್ತಾನಾ?"

ಮೆಟ್ಟಿಲ ಬುಡದಲ್ಲಿ ನಿಂತಿದ್ದ ಕೆಲಸದವರಲ್ಲಿ ಇಬ್ಬರು ನಕ್ಕರು. ನಕ್ಕದ್ದಕ್ಕೆ ನಾಚಿ ನೆಲ ನೋಡಿದರು.

ಮೇಸ್ತ್ರಿ ಮೇಲಿನ ಕೋಣೆಯಲ್ಲಿ ಮಲಗಿದ್ದ. ನಿನ್ನೆ ಸಂಜೆ ಅರ್ಧ ಲೋಟ ನೀರು ಕುಡಿದು, ಉಳಿದರ್ಧ ಆಮೇಲೆ ಕುಡಿಯುತ್ತೇನೆಂದು ಮಗಳಿಗೆ ಹೇಳಿ ಹೋಗಿಬಿಟ್ಟಿದ್ದ. ಹನ್ನೆರಡು ಗಂಟೆಗೆ ಮಣ್ಣು ಎಂದು ಎಲ್ಲರಿಗೂ ಹೇಳಿಕಳಿಸಿ ಆಗಿತ್ತು. ಈಗ ಒಂಬತ್ತೂವರೆ. ಮೈ ಸೆಟೆದುಹೋಗಿತ್ತು. ಎರಡು ವರ್ಷದ ಹಿಂದೆ ಈ ಮೆಟ್ಟಿಲನ್ನು ತಾನೇ ಒಂದೊಂದಾಗಿ ಹತ್ತಿ ಹೋದವನು, ವಾರದೊಳಗೆ ಅಲ್ಲೇ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡು, ಮತ್ತೆ ಇಳಿದಿರಲಿಲ್ಲ. ಮಂಚವನ್ನು ಬಿಚ್ಚಿ ಮೇಲಕ್ಕೆ ಸಾಗಿಸಿ ಅಲ್ಲಿ ಜೋಡಿಸಿದ್ದರು. ಮನುಷ್ಯನನ್ನು ಹಾಗೆ ಬಿಚ್ಚಲು ಬರುವುದಿಲ್ಲ.

"ನಿಲ್ಲಿಸಿ ಕಟ್ಟಿ ಇಳಿಸಿದ್ರೆ?" ಅಂದಳು ಮಗಳು.

"ನಿಲ್ಲಿಸಿ ಕಟ್ಟೋಕೆ ನಿಮ್ಮಪ್ಪ ಏನು ಕಂಬಾನಾ?" ಚಿಕ್ಕಪ್ಪ ಟೇಪನ್ನು ಸುತ್ತಿದ. "ಮುನ್ನೂರು ಮನೆ ಬಿಚ್ಚಿದೀವಿ. ಪಿಯಾನೋ ಇಳಿಸಿದೀವಿ, ಕಲ್ಲಿನ ತೊಟ್ಟಿ ಇಳಿಸಿದೀವಿ. ನಮ್ಮನೆ ಯಜಮಾನನ್ನ ಇಳಿಸೋಕೆ ದಾರಿ ಬಿಟ್ಟಿಲ್ಲ. ದೀಪದ ಬುಡ ಕತ್ತಲೆ ಅಂತ ಸುಮ್ನೆ ಹೇಳಿದಾರಾ?"

ಹೊರಗೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಬಂದವರೆಲ್ಲ ಅಂಗಳದ ತುಂಬ ಒರಗಿಸಿಟ್ಟಿದ್ದ ಬಾಗಿಲುಗಳ ನಡುವೆ ನಿಂತಿದ್ದರು. ಗೋಡೆಯಿಲ್ಲದ ಬಾಗಿಲುಗಳು. ಚೌಕಟ್ಟಿನೊಂದಿಗೆ ನಿಂತವು ಕೆಲವು, ಬರೀ ಹಲಗೆಯಾಗಿ ಮಲಗಿದವು ಕೆಲವು. ಒಬ್ಬರು ಒಂದು ಬಾಗಿಲಿನಿಂದ ಒಳಗೆ ಬಂದಂತೆ, ಇನ್ನೊಬ್ಬರು ಮತ್ತೊಂದರಿಂದ ಹೊರಗೆ ಹೋದಂತೆ ಕಾಣುತ್ತಿತ್ತು. ಅಲ್ಲಿ ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ. ಹೂವಿನಂಗಡಿಯವಳು ದೊಡ್ಡ ಬುಟ್ಟಿ ಹಿಡಿದು, ತಾನು ಯಾವ ಕಡೆಯಿಂದ ಬಂದೆ ಎಂಬುದನ್ನೇ ಮರೆತವಳ ಹಾಗೆ ಸುತ್ತ ನೋಡುತ್ತಿದ್ದಳು.

ದಾರಿಹೋಕರು ಈ ಜಾಗವನ್ನು ಗುಜರಿ ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಮೇಸ್ತ್ರಿ ಕೆಲಸ ಬಿಟ್ಟು ಎದ್ದು ಬರುತ್ತಿದ್ದ. "ಗುಜರಿ ಅಲ್ಲ ಸ್ವಾಮಿ. ಇವೆಲ್ಲ ಮುಂದಿನ ಮನೆಗೆ ಕಾಯ್ತಾ ಇವೆ." ಬೇರೆಯವರು ಹಳೆಯ ಮನೆಯ ಮೇಲೆ ಯಂತ್ರ ಹತ್ತಿಸಿ ಒಂದು ಹಗಲಿನಲ್ಲಿ ನೆಲಸಮ ಮಾಡುತ್ತಿದ್ದರು. ಅವನು ಇಪ್ಪತ್ತು ದಿನ ತೆಗೆದುಕೊಳ್ಳುತ್ತಿದ್ದ. ಹೆಂಚು, ತೊಲೆ, ಬಾಗಿಲು, ಕಿಟಕಿ, ಕೊನೆಗೆ ಇಟ್ಟಿಗೆ; ಕಟ್ಟುವಾಗ ಕಡೆಗೆ ಕೂಡಿಸಿದ್ದನ್ನು ಮೊದಲು ತೆಗೆಯಬೇಕು. ಒಡೆಯೋದು ಎಂದರೆ ಸಿಟ್ಟು ಬರುತ್ತಿತ್ತು, ಬಿಚ್ಚೋದು ಅನ್ನಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಯಾರಾದರೂ ಅಂದರೆ, "ಎರಡನ್ನೂ ಬಿಚ್ಚಿ ನೋಡು, ಆಗ ಗೊತ್ತಾಗತ್ತೆ" ಎನ್ನುತ್ತಿದ್ದ.

"ಮೇಲಿನ ಕೋಣೆಯ ಅಂಗಳದ ಕಡೆ ಗೋಡೆ ಬಿಚ್ಚೋಣ," ಅಂದ ಚಿಕ್ಕಪ್ಪ. "ಹಿಂದಿನದು ಪಕ್ಕದ ಮನೆಯವರದ್ದು. ತೊಲೆಗಳು ಆಚೀಚೆ ಗೋಡೆ ಮೇಲೆ ಕೂತಿವೆ. ಇದು ಬರೀ ಮರೆ. ಸುಣ್ಣದ ಗಾರೆ ತಾನೇ, ಒಂದು ಗಂಟೆ ಕೆಲಸ. ತೊಲೆ ಇಳಿಸೋ ರಾಟೆ ಕಟ್ಟಿ ನೆಟ್ಟಗೆ ಅಂಗಳಕ್ಕೆ ಇಳಿಸಿಬಿಡೋಣ."

ಮಗಳು ಮೇಲಿನ ಕೋಣೆಯ ಕಡೆ ನೋಡಿದಳು.

ಆ ಗೋಡೆ ಸುಣ್ಣದ್ದಲ್ಲ. ಸಿಮೆಂಟಿನದು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ.

*

ಆ ಕೋಣೆ ಕಟ್ಟಿದ್ದು ಅವಳೇ. ಮೇಸ್ತ್ರಿಗೆ ಮಂಡಿ ಸೋತಿತ್ತು, ಅಂಗಳದಲ್ಲಿ ಓಡಾಡಲು ಆಗುತ್ತಿರಲಿಲ್ಲ. "ಮೇಲೊಂದು ಕೋಣೆ ಕಟ್ಟಿಕೊಡು. ಅಲ್ಲಿಂದ ಎಲ್ಲಾನೂ ನೋಡ್ಕೊಂಡಿರ್ತೀನಿ" ಎಂದು ಕೇಳಿ, ಮಂಡಿಗೆ ಮದ್ದು ಮಾಡಿಸಿಕೊಳ್ಳಲು ತಂಗಿಯ ಮನೆಗೆ ಹೋಗಿದ್ದ. ಹೋಗುವ ಮುಂಚೆ ಹಳೆಯ ಅಂಚೆ ಕಚೇರಿಯಿಂದ ಬಂದ ಎರಡು ಗೇಣಿನ ಗುಂಡು ಕಿಟಕಿಯೊಂದನ್ನು ಆರಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಇಟ್ಟಿದ್ದ.

ಸುಣ್ಣದ ಗಾರೆಗೆ ತಾಳ್ಮೆ ಬೇಕು. ಸುಣ್ಣ ನೆನೆಯಬೇಕು, ಕೊಳೆಯಬೇಕು, ಕಟ್ಟಿದ ಮೇಲೆ ದಿನಗಟ್ಟಲೆ ಆರಬೇಕು. ಮಳೆ ಇವತ್ತೋ ನಾಳೆಯೋ ಅನ್ನುವಂತೆ ಕಾಯುತ್ತಿತ್ತು. ತಂಡದವರೆಲ್ಲ ಬೇರೆ ಮನೆ ಬಿಚ್ಚುತ್ತಿದ್ದರು. ಅಪ್ಪ ಹತ್ತು ದಿನಕ್ಕೆ ಬರುವವನಿದ್ದ. ಅವಳು ಗುರುತಿಲ್ಲದ ಇಬ್ಬರು ಕೂಲಿಗಳನ್ನು ಕರೆದು, ಸಿಮೆಂಟು ತರಿಸಿ, ಆರು ದಿನದಲ್ಲಿ ಗೋಡೆ ಎಬ್ಬಿಸಿದಳು. ಮೇಲೆ ಸುಣ್ಣ ಬಳಿದಳು.

ಸಿಮೆಂಟು ಕೆಟ್ಟದ್ದೇನಲ್ಲ. ಲೋಕವೆಲ್ಲ ಅದರಲ್ಲೇ ನಿಂತಿದೆ. ಆದರೆ ಸಿಮೆಂಟು ಹಿಡಿದ ಇಟ್ಟಿಗೆ ಮತ್ತೆ ಬಿಡುವುದಿಲ್ಲ. ಎಬ್ಬಿಸಲು ಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಸುಣ್ಣ ಹಾಗಲ್ಲ, ನೂರು ವರ್ಷ ಹಿಡಿದುಕೊಂಡಿದ್ದು, ಕೇಳಿದಾಗ ಬಿಟ್ಟುಕೊಡುತ್ತದೆ. "ಮುಂದೆ ಬಿಚ್ಚೋನ ಕೈ ನೆನೆಸ್ಕೊಂಡು ಕಟ್ಟಬೇಕು" ಎಂಬುದು ಮೇಸ್ತ್ರಿಯ ಮಾತು. "ನನ್ನ ಮಗಳು ಸಿಮೆಂಟು ಮುಟ್ಟಲ್ಲ" ಎಂದು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಕೊನೆಯ ದಿನಗಳಲ್ಲಿ ಅವನು ಇಲ್ಲದ ಮನೆಗಳಲ್ಲಿ ಓಡಾಡುತ್ತಿದ್ದ. ಸಂಜೆ ಅವಳು ಮಂಚದ ಪಕ್ಕ ಕೂತರೆ, ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ.

"ಡಾಕ್ಟರ ಮನೆ ಬಾಗಿಲು ಎಲ್ಲಿದೆ ಈಗ?"

"ಹೂವಿನಂಗಡಿಯಲ್ಲಿದೆ ಅಪ್ಪ."

"ಅದರ ಚಿಲಕ ಸ್ವಲ್ಪ ಬಿಗಿ. ಎಣ್ಣೆ ಬಿಡೋಕೆ ಹೇಳು. ಆ ಮನೆ ಅಡುಗೆಕೋಣೆಗೆ ಎಡಗಡೆಯಿಂದ ಬಿಸಿಲು ಬರ್ತಿತ್ತು, ನೋಡು. ಅಲ್ಲೇ ಕೂತಿದ್ದೆ ಈಗ."

ಆ ಮನೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಆ ಬಿಸಿಲು ಬೀಳುತ್ತಿದ್ದ ಜಾಗದಲ್ಲಿ ಈಗ ರಸ್ತೆಯಿದೆ. ಅವಳು ಹೂಂ ಅನ್ನುತ್ತಿದ್ದಳು. ಆಮೇಲೆ ಅವನ ಕೈ ಹಾಸಿಗೆಯಿಂದ ಜಾರಿ ಪಕ್ಕದ ಗೋಡೆಯನ್ನು ಸವರುತ್ತಿತ್ತು.

"ಇದು ಯಾವ ಮನೆ ಇಟ್ಟಿಗೆ?"

"ಹಳೇ ಆಸ್ಪತ್ರೆದು."

"ಗಾರೆ?"

"ಸುಣ್ಣದ್ದೇ ಅಪ್ಪ."

"ಹೂಂ," ಎಂದು ಅವನು ಕೈ ಹಿಂದೆಗೆಯುತ್ತಿದ್ದ.

ಆ ಪ್ರಶ್ನೆ ಈ ಎರಡು ವರ್ಷದಲ್ಲಿ ಎಷ್ಟೋ ಸಲ ಬಂದಿತ್ತು. ಮುದುಕನಿಗೆ ಮರೆವು ಎಂದುಕೊಂಡು ಅವಳು ಎಷ್ಟೋ ಸಲ ಅದೇ ಉತ್ತರ ಕೊಟ್ಟಿದ್ದಳು. ಒಂದು ಸುಳ್ಳನ್ನು ಅಷ್ಟು ಸಲ ಹೇಳಿದರೆ ಅದು ನಾಲಿಗೆಗೆ ಭಾರವೆನಿಸುವುದಿಲ್ಲ.

*

"ನಾನೇ ಬಿಚ್ತೀನಿ," ಅಂದಳು. "ಯಾರೂ ಮೇಲೆ ಬರೋದು ಬೇಡ."

"ಒಬ್ಳೇನಾ? ಇವತ್ತು ನೀನು ಕೆಲಸ ಮಾಡೋ ದಿನಾನಾ?" ಚಿಕ್ಕಪ್ಪ ಅವಳ ಮುಖ ನೋಡಿದ. ಅಲ್ಲಿ ಏನು ಕಂಡನೋ, ಉಳಿಯನ್ನೂ ಸುತ್ತಿಗೆಯನ್ನೂ ಅವಳ ಕೈಗೆ ಕೊಟ್ಟ. "ಸರಿ ಮರಿ. ಅಪ್ಪ ಮಗಳು ಸ್ವಲ್ಪ ಹೊತ್ತು ಇರಿ. ರಾಟೆ ಕಟ್ಟುವಾಗ ಕರಿ."

ಅವಳು ಹತ್ತಿ ಹೋಗುವಾಗ ಬಾಗಿಲುಗಳ ನಡುವೆ ನಿಂತ ಒಬ್ಬನನ್ನು ಕಂಡಳು. ಗಾರೆಯವನು. ಹೋದ ವರ್ಷ ಒಂದು ಮನೆ ಮತ್ತೆ ಕಟ್ಟುವಾಗ ಅವನು ಸುಣ್ಣಕ್ಕೆ ಕದ್ದು ಸಿಮೆಂಟು ಬೆರೆಸಿದ್ದ. ಎಲ್ಲರ ಮುಂದೆ ಅವನ ಕರಣೆ ಕಿತ್ತುಕೊಂಡು, ಬಾಯಿಗೆ ಬಂದಂತೆ ಬೈದು, ಕೆಲಸದಿಂದ ಕಳಿಸಿದ್ದು ಅವಳೇ. ಮಳೆ ಬರ್ತಿತ್ತು ಅಕ್ಕ ಎಂದು ಅವನು ಹೇಳಲು ಹೋಗಿದ್ದ. ಅವಳು ಕೇಳಿಸಿಕೊಂಡಿರಲಿಲ್ಲ. ಅವನೂ ಇವತ್ತು ಒಗೆದ ಅಂಗಿ ಹಾಕಿಕೊಂಡು ಬಂದು ತಲೆ ತಗ್ಗಿಸಿ ನಿಂತಿದ್ದ.

ಕೆಳಗೆ ನಿಂತವರಲ್ಲಿ ಅರ್ಧಕ್ಕರ್ಧ ಈ ಕಸುಬಿನವರು. ಕಿವಿಯಿಂದಲೇ ಗಾರೆ ಯಾವುದೆಂದು ಹೇಳುವವರು. ಉಳಿಯ ಮೇಲೆ ಮೊದಲ ಏಟು ಬಿದ್ದರೆ ಸಾಕು, ಸಿಮೆಂಟು ಠಣ್ ಎನ್ನುತ್ತದೆ, ಅಂಗಳದ ಆ ತುದಿಗೂ ಕೇಳುತ್ತದೆ. ಆಮೇಲೆ ಇಟ್ಟಿಗೆ ಒಡೆಯುವ ಸದ್ದು. ಮೇಸ್ತ್ರಿಯನ್ನು ಒಡೆದ ಇಟ್ಟಿಗೆಗಳ ಮೇಲಿಂದ ಇಳಿಸಬೇಕಾಗುತ್ತದೆ, ಅದೂ ಅವನ ಮಗಳ ಕೈಯಿಂದ.

ಕೋಣೆಯಲ್ಲಿ ಗುಂಡು ಕಿಟಕಿಯಿಂದ ಬಂದ ಬೆಳಕು ಅಪ್ಪನ ಎದೆಯ ಮೇಲಿನ ಬಿಳಿ ಹೊದಿಕೆಯ ಮೇಲೆ ದುಂಡಗೆ ಬಿದ್ದಿತ್ತು. ಉಸಿರಾಡುತ್ತಿದ್ದಿದ್ದರೆ ಆ ಬೆಳಕು ಏರಿಳಿಯುತ್ತಿತ್ತು. ಸ್ಟೂಲಿನ ಮೇಲೆ ಅರ್ಧ ಲೋಟ ನೀರು ಹಾಗೇ ಇತ್ತು.

ಒಂದು ಮನೆ ಬಿಚ್ಚುವ ಮುಂಚೆ ಅದರೊಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಎಂದು ಅಪ್ಪ ಅವಳಿಗೆ ಕಲಿಸಿದ್ದ. ಚಿಕ್ಕವಳಿದ್ದಾಗ ಅವನ ಪಕ್ಕ ಎಷ್ಟೋ ಖಾಲಿ ಕೋಣೆಗಳಲ್ಲಿ ಹಾಗೆ ಕೂತಿದ್ದಳು. ಗೋಡೆಯ ಮೇಲೆ ಚಿತ್ರ ತೂಗಿದ್ದ ಜಾಗ, ಮಂಚದ ಕಾಲು ಊರಿ ಊರಿ ಆದ ಗುಳಿ, ಯಾರದೋ ಮಕ್ಕಳ ಎತ್ತರ ಅಳೆದ ಗೆರೆ. ಕೂತಲ್ಲೇ ಅವಳಿಗೆ ನಿದ್ದೆ ಬರುತ್ತಿತ್ತು. ಕನಸಿನಲ್ಲಿ ಆ ಮನೆಯವರೆಲ್ಲ ಬಂದು ಅವಳನ್ನು ದಾಟಿಕೊಂಡು ಓಡಾಡುತ್ತಿದ್ದರು. ಈಗಲೂ ಮಂಚದ ತುದಿಯಲ್ಲಿ ಕೂತಳು. ಯಾರೂ ಬರಲಿಲ್ಲ.

"ಅಪ್ಪಾ," ಅಂದಳು ಮೆಲ್ಲಗೆ. "ಇದು ಸಿಮೆಂಟು. ಮಳೆಗೆ ಹೆದರಿಬಿಟ್ಟೆ. ನಿನಗೆ ಸುಳ್ಳು ಹೇಳಿದೆ."

ಎರಡು ವರ್ಷ ಗಂಟಲಲ್ಲಿ ಕೂತಿದ್ದ ಮಾತು ಇಷ್ಟು ಚಿಕ್ಕದೇ ಎಂದು ಅವಳಿಗೇ ಆಶ್ಚರ್ಯವಾಯಿತು. ಅಳು ಬಂತು. ಅಳುತ್ತಲೇ ಎದ್ದು, ಗುಂಡು ಕಿಟಕಿಯ ಕೆಳಗಿನ ಸುಣ್ಣವನ್ನು ಕೆರೆದು, ಎರಡು ಇಟ್ಟಿಗೆಗಳ ನಡುವಿನ ಗೆರೆಗೆ ಉಳಿ ಇಟ್ಟು, ಕಣ್ಣು ಮುಚ್ಚಿ ಹೊಡೆದಳು.

ಠಣ್ ಅನ್ನಲಿಲ್ಲ. ಒಣಮಣ್ಣಿಗೆ ಕಾಲಿಟ್ಟಂಥ ಸದ್ದು ಬಂತು. ಉಳಿ ಒಂದಂಗುಲ ಒಳಗೆ ಇಳಿದು, ಬಿಳಿಯ ಪುಡಿ ಅವಳ ಪಾದದ ಮೇಲೆ ಉದುರಿತು.

ಮತ್ತೆ ಹೊಡೆದಳು. ಮತ್ತೊಂದು ಕಡೆ ಇಟ್ಟು ಹೊಡೆದಳು. ಆಚೀಚೆ ಗೋಡೆಗೆ ಬೆರಳಿನಿಂದ ಬಡಿದು ನೋಡಿದಳು, ಅದು ಸಿಮೆಂಟಿನದೇ, ಗಟ್ಟಿ. ಇದೊಂದು ಗೋಡೆ ಮಾತ್ರ ಸುಣ್ಣದ್ದು. ಇಟ್ಟಿಗೆ ಅಲುಗಾಡಿತು. ಎರಡೂ ಕೈಯಲ್ಲಿ ಹಿಡಿದು ಎಳೆದರೆ, ಒಂದು ಚೂರೂ ಮುಕ್ಕಾಗದೆ ಇಡೀ ಇಟ್ಟಿಗೆ ಕೈಗೆ ಬಂತು. ಅದು ಆಸ್ಪತ್ರೆಯದಲ್ಲ, ಬೇರೆ ಯಾವುದೋ ಮನೆಯ ಕೆಂಪು ಇಟ್ಟಿಗೆ. ಆ ತೂತಿನಲ್ಲಿ ಅಂಗಳದ ಮಂಜು ಕಂಡಿತು.

ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತ ಹತ್ತಿ ಬಂದರು. ಇಟ್ಟಿಗೆಯಮ್ಮ. ನಲವತ್ತು ವರ್ಷದಿಂದ ಈ ಅಂಗಳದಲ್ಲಿ ಕೂತು, ಬಿಚ್ಚಿ ತಂದ ಇಟ್ಟಿಗೆಗೆ ಅಂಟಿದ ಹಳೆಯ ಗಾರೆ ಕೆರೆದು ಜೋಡಿಸುವ ಹೆಂಗಸು.

"ಬರೋದು ಬೇಡ ಅಂದಿದ್ನಲ್ಲಮ್ಮ."

"ನನಗೆ ಹೇಳಿದ್ದಲ್ಲ ಅಂದ್ಕೊಂಡೆ." ಅವಳು ಮಗಳ ಕೈಯಿಂದ ಇಟ್ಟಿಗೆ ತೆಗೆದುಕೊಂಡು, ರೂಢಿಯಂತೆ ಬೆರಳಿನಿಂದ ಸವರಿ ನೆಲಕ್ಕಿಟ್ಟಳು. "ಮೆತ್ತಗಿದೆ ಅಲ್ವಾ?"

ಮಗಳು ಅವಳನ್ನೇ ನೋಡಿದಳು.

*

ಒಂದೂವರೆ ವರ್ಷದ ಹಿಂದೆ, ಹಳೆಯ ಗಿರಣಿಯೊಂದನ್ನು ಬಿಚ್ಚಲು ಮಗಳು ಚಿಕ್ಕಪ್ಪನನ್ನೂ ತಂಡವನ್ನೂ ಕಟ್ಟಿಕೊಂಡು ಒಂದು ತಿಂಗಳು ದೂರ ಹೋಗಿದ್ದಳು. ಆಗಿನ್ನೂ ಮೇಸ್ತ್ರಿಗೆ ಸ್ಟೂಲಿನ ಮೇಲೆ ಕೂರಲು ಆಗುತ್ತಿತ್ತು. ಒಂದು ಬೆಳಿಗ್ಗೆ ಗುಂಡು ಕಿಟಕಿಯಿಂದ ಇಟ್ಟಿಗೆಯಮ್ಮನನ್ನು ಕೂಗಿ, ಸುಣ್ಣ ನೆನೆಹಾಕು, ಬೇರೆ ಇಟ್ಟಿಗೆ ಎತ್ತಿಡು ಅಂದ.

ಸಿಮೆಂಟಿನ ಗೋಡೆ ಬಿಚ್ಚಲು ಅವನಿಗೆ ಒಂಬತ್ತು ದಿನ ಹಿಡಿಯಿತು. ಇಟ್ಟಿಗೆಗಳು ಒಡೆದವು. ಒಡೆದ ಚೂರುಗಳನ್ನು ಇಟ್ಟಿಗೆಯಮ್ಮ ಬುಟ್ಟಿಯಲ್ಲಿ ಇಳಿಸಿಕೊಂಡು ಅಂಗಳದ ಕೆಸರಿಗೆ ಹಾಸಿದಳು. ಗೋಡೆ ಪೂರ್ತಿ ಹೋದ ದಿನ ಅವನು ಕೆಲಸ ನಿಲ್ಲಿಸಿದ. ಮರುದಿನವೂ ಮಾಡಲಿಲ್ಲ. ಮೂರು ದಿನ ಆ ಕೋಣೆಯ ಅಂಚಿನಲ್ಲಿ, ಗೋಡೆ ಇರಬೇಕಾದ ಕಡೆ ಕಾಲು ಇಳಿಬಿಟ್ಟು ಕೂತಿದ್ದ. ಬೆಳಗಿನ ಮಂಜು ಹಾಸಿಗೆಯ ತನಕ ಬರುತ್ತಿತ್ತು. ಒಂದು ಗುಬ್ಬಿ ಒಳಗೆ ಬಂದು, ಕೋಣೆಯೆಂದು ಗೊತ್ತಾಗದೆ, ಮಂಚದ ಮೇಲೆ ಕೂತು ಹೋಯಿತು. ಕೆಳಗೆ ಬಾಗಿಲುಗಳು ನಿಂತಿದ್ದವು. ಅವನು ಒಂದೊಂದನ್ನೂ ಅದರ ಮನೆಯ ಹೆಸರಿನಿಂದ ಕರೆದು ಮಾತಾಡುತ್ತಿದ್ದ. ಊಟ ಮೇಲಕ್ಕೆ ತಂದಾಗ ಇಟ್ಟಿಗೆಯಮ್ಮ ಬೈದಳು.

"ಬಿದ್ದುಗಿದ್ದೀಯ ಮಾರಾಯ. ನಿನ್ನ ಮಗಳಿಗೆ ನಾನೇನು ಹೇಳ್ಲಿ?"

"ನಾನು ಇಳಿಯೋದು ಇಲ್ಲಿಂದಲೇ," ಅಂದ ಅವನು ಅಂಗಳ ನೋಡುತ್ತ. "ಮೆಟ್ಟಿಲಲ್ಲಿ ಆಗಲ್ಲ, ಅಳೆದಿದೀನಿ. ಅವತ್ತು ಎಲ್ರೂ ಕೆಳಗೆ ನಿಂತು ಕೇಳ್ತಿರ್ತಾರೆ. ಅವಳ ಕೈಗೆ ಮೆತ್ತಗಿನ ಗೋಡೆ ಸಿಗ್ಲಿ."

*

"ಅಪ್ಪಂಗೆ ಗೊತ್ತಿತ್ತಾ?" ಮಗಳು ಕೇಳಿದಳು.

"ಮೊದಲ ದಿನವೇ. ಗೋಡೆಗೆ ಬೆರಳು ಬಡಿದ್ನಂತೆ."

"ನನಗೆ ಹೇಳಲಿಲ್ಲ. ನೀನೂ ಹೇಳಲಿಲ್ಲ."

"ಹೇಳಬೇಡ ಅಂದಿದ್ದ. ಅವಳೇ ಹೇಳ್ತಾಳೆ, ಆಗಾಗ ಕೇಳ್ತಿರ್ತೀನಿ ಅಂದ."

ಮಗಳು ನೆಲಕ್ಕೆ ಕೂತುಬಿಟ್ಟಳು. ಸಂಜೆಗಳೆಲ್ಲ ಒಟ್ಟಿಗೆ ನೆನಪಾದವು. ಹಾಸಿಗೆಯಿಂದ ಜಾರುತ್ತಿದ್ದ ಕೈ, ಗಾರೆ ಯಾವುದು ಎಂಬ ಪ್ರಶ್ನೆ, ತನ್ನ ಉತ್ತರ. ಅದು ಮರೆವಾಗಿರಲಿಲ್ಲ. ತಾನೇ ಸುಣ್ಣದಲ್ಲಿ ಕಟ್ಟಿದ ಗೋಡೆಯನ್ನು ಸವರುತ್ತ ಅವನು ಅವಳಿಗೆ ಬಾಗಿಲು ತೆರೆದಿಟ್ಟು ಕಾದಿದ್ದ. ಅವಳು ಒಂದು ಸಲವೂ ಒಳಗೆ ಬಂದಿರಲಿಲ್ಲ.

"ಕೋಪ ಇತ್ತಾ ಅವನಿಗೆ?"

"ಕೋಪ ಇರಲಿಲ್ಲ. ಬೇಜಾರಿತ್ತು. ನಾನ್ಯಾಕೆ ಸುಳ್ಳು ಹೇಳ್ಲಿ ಕೂಸೇ." ಇಟ್ಟಿಗೆಯಮ್ಮ ಸೆರಗಿನಿಂದ ಮಗಳ ಕೆನ್ನೆಗೆ ಅಂಟಿದ್ದ ಸುಣ್ಣದ ಪುಡಿ ಒರೆಸಿದಳು. "ಏಳು. ಹನ್ನೆರಡಕ್ಕೆ ಮಣ್ಣು. ಇದನ್ನ ಇನ್ಯಾರಿಗೂ ಹೇಳೋ ಹಂಗಿಲ್ಲ. ಅವನು ಒಂಬತ್ತು ದಿನ ಕೈ ಒಡೆಸ್ಕೊಂಡಿದ್ದು ಅದಕ್ಕೇ."

ಇಬ್ಬರೂ ಸೇರಿ ಬಿಚ್ಚಿದರು. ಗುಂಡು ಕಿಟಕಿ ಮೊದಲು ಬಂತು. ಆಮೇಲೆ ಮೇಲಿನ ಸಾಲು, ಅದರ ಕೆಳಗಿನದು, ಕಡೆಗೆ ಕಟ್ಟಿದ್ದು ಮೊದಲು. ಇಟ್ಟಿಗೆಗಳು ಮಾಗಿದ ಹಣ್ಣಿನ ಹಾಗೆ ಕೈಗೆ ಬಂದವು. ಕೆಳಗೆ ಮಾತು ನಿಂತಿತ್ತು. ಕಸುಬಿನವರು ತಲೆ ಎತ್ತಿ, ಕಿವಿಗೊಟ್ಟು ನಿಂತಿದ್ದರು. "ಏನು ಸುಣ್ಣ ಅಂತೀಯ! ಬೆಣ್ಣೆ," ಅಂದ ಒಬ್ಬ. "ಮೇಸ್ತ್ರಿ ಮಗಳಲ್ವಾ," ಅಂದ ಇನ್ನೊಬ್ಬ. ಆ ಮಾತು ಮೇಲಕ್ಕೆ ಸ್ಪಷ್ಟವಾಗಿ ಕೇಳಿತು.

ಗೋಡೆ ಮಂಡಿಯ ತನಕ ಇಳಿದಾಗ ಅಂಗಳದವರಿಗೆ ಕೋಣೆ ಕಾಣಿಸಿತು, ಮಂಚ ಕಾಣಿಸಿತು, ಬಿಳಿ ಹೊದಿಕೆ ಕಾಣಿಸಿತು. ಮಂಜು ನಿಧಾನವಾಗಿ ಒಳಗೆ ಬಂತು. ಹೂವಿನಂಗಡಿಯವಳು ಕೈ ಮುಗಿದಳು. ಚಿಕ್ಕಪ್ಪ ಸೆಟೆದು ನಿಂತು ಅಣ್ಣನನ್ನು ನೋಡಿದ, ಮುಖ ಹಿಂಡಿಕೊಂಡ, ಆಮೇಲೆ ಜೋರಾಗಿ ಕೂಗಿದ.

"ಒಂದೂ ಒಡೀಲಿಲ್ಲ ಕಣೋ ಅಣ್ಣ! ಕೇಳಿಸ್ತಾ? ಒಂದೂ ಒಡೀಲಿಲ್ಲ, ನಿನ್ನ ಮಗಳ ಕೈ!"

ಮಗಳು ಅಂಚಿಗೆ ಬಂದು ನಿಂತಳು. ಸುಮ್ಮನಿದ್ದರೆ ಮುಗಿಯಿತು. ಅಪ್ಪ ಅವಳಿಗಾಗಿ ಕಟ್ಟಿಟ್ಟು ಹೋದದ್ದು ಅದನ್ನೇ. ಬಾಗಿಲುಗಳ ನಡುವೆ ಗಾರೆಯವನು ತಲೆ ಎತ್ತಿ ನೋಡುತ್ತಿದ್ದ, ಅವನ ಮುಖದಲ್ಲಿ ಮೆಚ್ಚುಗೆಯಿತ್ತು. ಅದನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

"ಈ ಗೋಡೆ ನಂದಲ್ಲ," ಅಂದಳು. ಇಟ್ಟಿಗೆಯಮ್ಮ ಹಿಂದಿನಿಂದ ಅವಳ ಕೈ ಹಿಡಿದಳು. ಅವಳು ಬಿಡಿಸಿಕೊಂಡಳು. "ನಾನು ಕಟ್ಟಿದ್ದು ಸಿಮೆಂಟಲ್ಲಿ. ಮಳೆ ಬರ್ತಿತ್ತು, ಸುಳ್ಳು ಹೇಳಿದೆ. ಅಪ್ಪ ಅದನ್ನ ಬಿಚ್ಚಿ, ಮತ್ತೆ ಸುಣ್ಣದಲ್ಲಿ ಕಟ್ಟಿದ. ನನ್ನ ಮಾನ ಉಳೀಲಿ ಅಂತ. ಎರಡು ವರ್ಷ ಕೇಳಿದ, ನಾನು ಹೇಳಲಿಲ್ಲ." ಗಾರೆಯವನ ಕಡೆ ತಿರುಗಿದಳು. "ನಿನ್ನ ಬೈದು ಕಳಿಸ್ದೆ. ಆಗಲೂ ಹೇಳಲಿಲ್ಲ."

ಚಿಕ್ಕಪ್ಪನ ಬಾಯಿ ತೆರೆದದ್ದು ಹಾಗೇ ಇತ್ತು. ಗಾರೆಯವನು ಅಂಗಿಯ ತೋಳು ಮಡಿಸಿ, ಮಲಗಿದ್ದ ಬಾಗಿಲುಗಳಲ್ಲಿ ಅಗಲವಾದ ಒಂದನ್ನು ಎತ್ತಿ ಹೆಗಲಿಗಿಟ್ಟುಕೊಂಡ.

"ಸರಿ ಅಕ್ಕ," ಅಂದ. "ಹಗ್ಗ ಬಿಡಿ, ಬಾಗಿಲು ಕಳಿಸ್ತೀನಿ. ಮಲಗಿಸೋಕೆ ಬೇಕಲ್ಲ."

ಚಿಕ್ಕಪ್ಪನಿಗೆ ಆಗ ಧ್ವನಿ ಬಂತು. "ಬಾಗಿಲು ವಾಪಸ್ ತರಬೇಕು. ಮಣ್ಣಿಗೆ ಹಾಕಿದ್ರೆ ಅಣ್ಣ ಎದ್ದು ಬರ್ತಾನೆ."

ಈ ಸಲ ನಕ್ಕವರು ನಾಚಲಿಲ್ಲ.

ತೊಲೆಗೆ ರಾಟೆ ಕಟ್ಟಿದರು. ಬಾಗಿಲಿನ ನಾಲ್ಕು ಮೂಲೆಗೂ ಹಗ್ಗ ಬಿಗಿದು, ಮೇಸ್ತ್ರಿಯನ್ನು ಅದರ ಮೇಲೆ ಮಲಗಿಸಿ, ಹೂವಿಟ್ಟು ಕಟ್ಟಿದರು. ಹಗ್ಗದ ತುದಿಯನ್ನು ಅವಳು ಕೇಳಿ ತೆಗೆದುಕೊಂಡಳು. "ನಾನು ಹಿಡೀತೀನಿ ಮರಿ," ಅಂದ ಚಿಕ್ಕಪ್ಪ. "ಕೊಡಿ ಚಿಕ್ಕಪ್ಪ," ಅಂದಳು. ಅವನು ಅಂಗಳಕ್ಕೆ ಇಳಿದು ಹೋದ. ಮೇಲೆ ಹತ್ತಿ ಬಂದಿದ್ದ ಗಾರೆಯವನು ಅವಳ ಹಿಂದೆ ಅದೇ ಹಗ್ಗ ಹಿಡಿದು ನಿಂತ.

ಬಾಗಿಲು ಅಂಚು ದಾಟಿ ಗಾಳಿಗೆ ಬಂದಾಗ ಅಂಗಳವೆಲ್ಲ ತಲೆ ಎತ್ತಿತು. ಮಂಜಿನಲ್ಲಿ ಅದು ಒಮ್ಮೆ ಮೆಲ್ಲಗೆ ತಿರುಗಿತು, ಮೇಸ್ತ್ರಿ ಸುತ್ತ ನೋಡಿಕೊಂಡು ಇಳಿಯುತ್ತಿದ್ದಾನೆ ಅನ್ನಿಸುವ ಹಾಗೆ. ಅವಳು ಕೈ ಮೇಲೆ ಕೈ ಬದಲಿಸುತ್ತ ಹಗ್ಗ ಬಿಟ್ಟಳು. ಭಾರ ಹೆಗಲಿಗೆ ಬರುತ್ತಿತ್ತು, ಅಪ್ಪ ಇಷ್ಟು ಭಾರವಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ಅಂಚಿನಿಂದ ಕೆಳಗಾಯಿತು, ಕಾಣದಾಯಿತು. ಹಗ್ಗ ಮಾತ್ರ ನೆಟ್ಟಗೆ ಇಳಿಯುತ್ತಿತ್ತು.

"ಮುಟ್ತು," ಅಂದ ಚಿಕ್ಕಪ್ಪ ಕೆಳಗಿನಿಂದ. "ಸಾಕು ಮರಿ."

ಗಾರೆಯವನು ಹಗ್ಗದಿಂದ ಕೈ ತೆಗೆದ. ಅವಳ ಕೈಗಳು ನಿಲ್ಲಲಿಲ್ಲ. ಭಾರವಿಲ್ಲದ ಹಗ್ಗವನ್ನು ಅವು ಅದೇ ಎಚ್ಚರದಲ್ಲಿ ಬಿಡುತ್ತಲೇ ಇದ್ದವು, ಮತ್ತು ಕೆಳಗೆ, ಹೂವಿನ ಮೇಲೆ, ಅದು ಮೆಲ್ಲಗೆ ಸುತ್ತಿಕೊಳ್ಳುತ್ತಿತ್ತು.